ಬೋರ್ಡು ಹೊಸದು, ಕೋಡು ಹಳೆಯದು

ನಮ್ಮ ಮನೆಗೂ ಪಕ್ಕದ ಮನೆಗೂ ನಡುವೆ ಎದೆಮಟ್ಟದ ಒಂದು ಕಾಂಪೌಂಡು ಗೋಡೆ. ಬೆಳಗ್ಗೆ ಏಳರ ಹೊತ್ತಿಗೆ ಆ ಕಡೆಯಿಂದ ಅದರ ಮೇಲೆ ಒಂದು ಸ್ಟೀಲ್ ಲೋಟ ಬಂದು ಕೂರುತ್ತದೆ. ಲೋಟ ಬಂತೆಂದರೆ ಅದರ ಹಿಂದೆಯೇ ಸ್ಟೇಷನ್ ಮಾಸ್ಟರೂ ಬಂದರೆಂದು ಅರ್ಥ. ಅವರು ರಿಟೈರಾಗಿ ಎಷ್ಟೋ ವರ್ಷವಾಯಿತು. ಆದರೂ ಮೈಸೂರಿನ ನಮ್ಮ ಈ ಬೀದಿಯಲ್ಲಿ ಅವರಿಗೆ ಬೇರೆ ಹೆಸರಿಲ್ಲ. ತರಕಾರಿ ಗಾಡಿಯವನಿಂದ ಹಿಡಿದು ಗ್ಯಾಸ್ ತರುವ ಹುಡುಗನವರೆಗೆ ಎಲ್ಲರಿಗೂ ಅವರು ‘ಸ್ಟೇಷನ್ ಮಾಸ್ಟ್ರು’. ಗೇಟಿನ ಮೇಲಿನ ಹಿತ್ತಾಳೆ ಫಲಕದಲ್ಲಿ ಇನ್ಷಿಯಲ್ ಸಮೇತ ಇರುವ ಅವರ ನಿಜವಾದ ಹೆಸರನ್ನು ಓದುವವನು ಪೋಸ್ಟ್‌ಮನ್ ಒಬ್ಬನೇ.

ಮೊನ್ನೆ ಬೆಳಗ್ಗೆ ಲೋಟ ಇಟ್ಟವರೇ ಕೇಳಿದರು.

“ಅಲ್ಲಮ್ಮಾ, ರಾತ್ರಿ ಒಂದು ಗಂಟೆಗೆ ಎದ್ದು ನೋಡಿದೆ, ನಿಮ್ಮ ಮಹಡಿ ಲೈಟು ಉರೀತಾನೇ ಇತ್ತು. ಅಂಥದ್ದೇನು ಕೆಲಸ?”

“ಒಂದು ಪದ ಬದಲಾಯಿಸ್ತಿದ್ದೆ ಸಾರ್.”

“ಒಂದು ಪದಕ್ಕೆ ರಾತ್ರಿ ಒಂದು ಗಂಟೆವರೆಗಾ?”

“ಪದ ಒಂದೇ. ಆದ್ರೆ ನಾನೂರು ಪುಟದಲ್ಲಿದೆ.”

ನನ್ನದು ಟೆಕ್ನಿಕಲ್ ರೈಟರ್ ಕೆಲಸ. ಸಾಫ್ಟ್‌ವೇರನ್ನು ಹೇಗೆ ಬಳಸಬೇಕು, ಎಲ್ಲಿ ಒತ್ತಿದರೆ ಏನಾಗುತ್ತದೆ, ಏನು ಕೆಟ್ಟರೆ ಏನು ಮಾಡಬೇಕು ಎಂದು ಬರೆಯುವುದು. ನಮ್ಮ ಅತ್ತೆ ಮೊದಮೊದಲು ನೆಂಟರ ಮುಂದೆ ‘ನಮ್ಮ ಸೊಸೆ ರೈಟರ್ರು’ ಎಂದು ಹೇಳಿಕೊಂಡಿದ್ದರು. ಕತೆಯೋ ಕಾದಂಬರಿಯೋ ಎಂದು ಒಬ್ಬರು ಕೇಳಿದ ಮೇಲೆ ನಿಲ್ಲಿಸಿದರು. ಕಳೆದ ಕೆಲವು ವರ್ಷಗಳಿಂದ ನಾನು ಬರೆಯುತ್ತಿರುವುದೆಲ್ಲ ಕ್ಲೌಡ್‌ನಲ್ಲಿ ಲಾಗ್‌ಗಳ ಮೇಲೆ ಕಣ್ಣಿಡುವ ಸಾಫ್ಟ್‌ವೇರುಗಳ ಬಗ್ಗೆ. ಇದನ್ನು ಮನೆಯವರಿಗೆ ವಿವರಿಸಲು ಹೋಗಿ ಸೋತಿದ್ದೆ. ಸ್ಟೇಷನ್ ಮಾಸ್ಟರಿಗೆ ಮಾತ್ರ ಎರಡೇ ನಿಮಿಷದಲ್ಲಿ ಅರ್ಥವಾಯಿತು.

“ಕಂಪ್ಯೂಟರು ತಾನು ಮಾಡಿದ ಪ್ರತಿಯೊಂದನ್ನೂ ಒಂದೊಂದು ಸಾಲು ಬರೆದಿಡುತ್ತೆ ಸಾರ್. ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ ಇಂಥವರು ಬಂದರು, ಇದನ್ನ ಕೇಳಿದರು, ಇದನ್ನ ಕೊಟ್ಟೆ, ಇಲ್ಲಿ ಎಡವಿದೆ, ಅಂತ. ಅದಕ್ಕೆ ಲಾಗ್ ಅಂತಾರೆ.”

“ನಮ್ಮ ಟಿಎಸ್‌ಆರ್ ಅನ್ನು!” ಎಂದರು. ಟ್ರೈನ್ ಸಿಗ್ನಲ್ ರಿಜಿಸ್ಟರ್. ಲೈನ್ ಕ್ಲಿಯರ್ ಕೇಳಿದ ಹೊತ್ತು, ಕೊಟ್ಟ ಹೊತ್ತು, ಪ್ರೈವೇಟ್ ನಂಬರು, ಗಾಡಿ ಬಂದ ಹೊತ್ತು, ಬಿಟ್ಟ ಹೊತ್ತು. ಮೂವತ್ತೈದು ವರ್ಷ ಬರೆದ ಕೈ ಅದು. ಈಗಲೂ ಹಾಲಿನವನು ಬಂದ ಹೊತ್ತನ್ನು ಕ್ಯಾಲೆಂಡರಿನ ಮೇಲೆ ನಿಮಿಷದ ಲೆಕ್ಕದಲ್ಲಿ ಗುರುತು ಹಾಕುತ್ತಾರೆಂದು ಅವರ ಮನೆಯವರು ಹೇಳುತ್ತಿರುತ್ತಾರೆ.

ಲಾಗ್ ಎಂದರೆ ಮರದ ದಿಮ್ಮಿಯಲ್ಲವೇ, ಅದಕ್ಕೂ ಇದಕ್ಕೂ ಏನು ಸಂಬಂಧ ಎಂದು ಅವರು ಕೇಳಿದ್ದು ನ್ಯಾಯವಾಗಿತ್ತು. ಸಂಬಂಧ ಹಡಗಿನದು. ಹಾಯಿಹಡಗಿನ ಕಾಲದಲ್ಲಿ ವೇಗ ಅಳೆಯಲು ನಾವಿಕರು ಒಂದು ಮರದ ತುಂಡಿಗೆ ಹಗ್ಗ ಕಟ್ಟಿ ಹಿಂದಿನಿಂದ ನೀರಿಗೆ ಎಸೆಯುತ್ತಿದ್ದರು. ತುಂಡು ನೀರಿನಲ್ಲಿ ನಿಂತಲ್ಲೇ ನಿಲ್ಲುತ್ತದೆ, ಹಡಗು ಮುಂದೆ ಹೋಗುತ್ತದೆ, ಹಗ್ಗ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಹಗ್ಗಕ್ಕೆ 47 ಅಡಿ 3 ಅಂಗುಲಕ್ಕೊಂದರಂತೆ ಗಂಟು. 28 ಸೆಕೆಂಡಿನ ಮರಳು ಗಡಿಯಾರ ಖಾಲಿಯಾಗುವಷ್ಟರಲ್ಲಿ ಎಷ್ಟು ಗಂಟು ಕೈ ದಾಟಿತೋ ಅದೇ ವೇಗ. ಆ ಲೆಕ್ಕವನ್ನು ಬರೆದಿಟ್ಟ ಪುಸ್ತಕ ಲಾಗ್ ಬುಕ್. ಮರದ ತುಂಡು ಸಮುದ್ರ ಸೇರಿ ಎಷ್ಟೋ ಕಾಲವಾಯಿತು, ಹೆಸರು ಪುಸ್ತಕಕ್ಕೆ ಅಂಟಿಕೊಂಡು ಕಂಪ್ಯೂಟರಿನೊಳಗೂ ಬಂದು ಕೂತಿತು. ಹಡಗಿನ ವೇಗವನ್ನು ಇವತ್ತಿಗೂ ನಾಟ್ ಅಂದರೆ ಗಂಟಿನಲ್ಲೇ ಹೇಳುತ್ತಾರೆ, ಹಗ್ಗ ಮಾತ್ರ ಇಲ್ಲ.

ನಮ್ಮಲ್ಲೂ ಹೀಗೆಯೇ. ಆಫೀಸಿನಲ್ಲಿ ಮೇಜಿನಿಂದ ಮೇಜಿಗೆ ಓಡಾಡುವ, ಒಮ್ಮೊಮ್ಮೆ ಓಡಾಡದ ‘ಕಡತ’ ಮೂಲದಲ್ಲಿ ಬಟ್ಟೆ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಮಡಚಿ ಮಡಚಿ ಪುಸ್ತಕದಂತೆ ಮಾಡಿ, ಅದರ ಮೇಲೆ ಬಳಪದಲ್ಲಿ ಲೆಕ್ಕ ಬರೆಯುತ್ತಿದ್ದರು. ಶೃಂಗೇರಿ ಮಠದ ಹಳೆಯ ಲೆಕ್ಕಪತ್ರಗಳು ಅಂಥ ಕಡತಗಳಲ್ಲೇ ಇವೆ. ಬಟ್ಟೆ ಹೋಗಿ ಕಾಗದ ಬಂತು, ಕಾಗದ ಹೋಗಿ ಪರದೆ ಬಂತು. ಕಡತ ಕಡತವಾಗಿಯೇ ಉಳಿಯಿತು. ಜನರ ಬಾಯಿ ಹೀಗೆ: ವಸ್ತು ಬದಲಾದರೂ ಹೆಸರು ಬಿಡುವುದಿಲ್ಲ. ಕಂಪನಿಗಳ ರೀತಿ ಇದಕ್ಕೆ ತಲೆಕೆಳಗು. ವಸ್ತು ಅದೇ ಇರುತ್ತದೆ, ಹೆಸರು ಮಾತ್ರ ಹೋಗುತ್ತದೆ. ಹೆಸರು ಹೋದಾಗಲೆಲ್ಲ ನನ್ನಂಥವರ ಮಹಡಿಯಲ್ಲಿ ದೀಪ ಉರಿಯುತ್ತದೆ.

ಅಷ್ಟರಲ್ಲಿ ಅವರ ಮನೆಯವರು ಒಗೆದ ಬಟ್ಟೆ ಹರವಲು ಹಿತ್ತಲಿಗೆ ಬಂದರು. ನಾನು ಗೂಗಲ್ ಕ್ಲೌಡ್‌ನಲ್ಲಿ ಲಾಗ್ ತುಂಬಿಡುವ ಜಾಗಕ್ಕೆ ಬಕೆಟ್ ಎನ್ನುತ್ತಾರೆ, ಅದನ್ನು ಬೇಕಾದ ಕಡೆಗೆ ಹರಿಸುವ ವ್ಯವಸ್ಥೆಗೆ ಸಿಂಕ್ ಎನ್ನುತ್ತಾರೆ, ಅಮೆಜಾನಿನಲ್ಲಿ ಸ್ಟ್ರೀಮ್ ಅಂದರೆ ತೊರೆ ಇದೆ, ನಡುವೆ ಇರುವುದೆಲ್ಲ ಪೈಪ್‌ಲೈನ್ ಎಂದು ಹೇಳುತ್ತಿದ್ದೆ. ಅವರು ಒದ್ದೆ ಸೀರೆ ಹಿಂಡುತ್ತಲೇ, “ಹಾಗಾದ್ರೆ ನೀನು ಮಾಡೋದು ನಲ್ಲಿ ರಿಪೇರಿ ಕೆಲಸವೇನೇ? ನಮ್ಮ ಬಚ್ಚಲಿನದು ಒಂದು ವಾರದಿಂದ ತೊಟ್ಟಿಕ್ತಿದೆ, ಬಂದು ನೋಡು” ಎಂದರು. ಹದಿನೆಂಟು ವರ್ಷದ ನನ್ನ ಸರ್ವೀಸಿನಲ್ಲಿ ನನ್ನ ಉದ್ಯೋಗವನ್ನು ಇಷ್ಟು ಸರಿಯಾಗಿ ಯಾರೂ ಹೇಳಿರಲಿಲ್ಲ.

ಹೆಸರು ಬದಲಾದ ಕತೆಗೆ ಬರುತ್ತೇನೆ. ಇದರಲ್ಲಿ ಮೈಸೂರು ದಸರಾ ಮೆರವಣಿಗೆಯಷ್ಟು ಉದ್ದದ್ದು ಮೈಕ್ರೋಸಾಫ್ಟಿನದು. ಅಲ್ಲಿ ಮೊದಲು ಸಿಸ್ಟಮ್ ಸೆಂಟರ್ ಅಡ್ವೈಸರ್ ಎಂಬುದೊಂದಿತ್ತು. 2014ರಲ್ಲಿ ಅದು ಆಪರೇಷನಲ್ ಇನ್‌ಸೈಟ್ಸ್ ಆಯಿತು. 2015ರಲ್ಲಿ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಸೂಟ್ ಎಂಬ ಕೂಡುಕುಟುಂಬಕ್ಕೆ ಸೊಸೆಯಾಗಿ ಹೋಗಿ ಲಾಗ್ ಅನಲಿಟಿಕ್ಸ್ ಎಂದು ಕರೆಸಿಕೊಂಡಿತು. 2018ರಲ್ಲಿ ಆ ಕೂಡುಕುಟುಂಬದ ಹೆಸರನ್ನೇ ಕೈಬಿಟ್ಟು ಎಲ್ಲವನ್ನೂ ಅಜೂರ್ ಮಾನಿಟರ್ ಎಂಬ ಒಂದೇ ಸೂರಿನಡಿ ತಂದರು. ಮರುವರ್ಷ ಕೈಪಿಡಿಗಳ ಪದಗಳನ್ನು ತಿದ್ದುವ ಸರದಿ. ಇನ್ನು ಮುಂದೆ ಲಾಗ್ ಸಂಗ್ರಹಿಸಿ ಹುಡುಕಿಕೊಡುವ ಏರ್ಪಾಟಿಗೆ ‘ಅಜೂರ್ ಮಾನಿಟರ್ ಲಾಗ್ಸ್’ ಎನ್ನಬೇಕು ಎಂದಾಯಿತು.

ಇಲ್ಲಿಗೆ ಮುಗಿದಿದ್ದರೆ ಒಳ್ಳೆಯದಿತ್ತು. ಲಾಗ್ ಅನಲಿಟಿಕ್ಸ್ ಎಂಬ ಹೆಸರು ಪೂರ್ತಿ ಸಾಯಲಿಲ್ಲ. ಪ್ರಶ್ನೆ ಬರೆದು ಉತ್ತರ ಹುಡುಕುವ ಪರದೆಯ ಹೆಸರು ಲಾಗ್ ಅನಲಿಟಿಕ್ಸ್ ಎಂದೇ ಉಳಿಯಿತು. ಲಾಗ್‌ಗಳನ್ನು ಇಡುವ ಉಗ್ರಾಣವೂ ಲಾಗ್ ಅನಲಿಟಿಕ್ಸ್ ವರ್ಕ್‌ಸ್ಪೇಸ್ ಎಂದೇ ಉಳಿಯಿತು. ಅಂದರೆ ಮನೆಯ ಹೆಸರು ಬದಲಾಯಿತು, ಕಿಟಕಿಯ ಹೆಸರು ಮತ್ತು ಕಣಜದ ಹೆಸರು ಹಾಗೇ ಇದೆ. ಕಣ್ಣುಮುಚ್ಚಿ ಎಲ್ಲ ಕಡೆ ಹಳೆಯದನ್ನು ತೆಗೆದು ಹೊಸದನ್ನು ಹಾಕಿದರೆ ಭೂಮಿಯ ಮೇಲೆಲ್ಲೂ ಇಲ್ಲದ ವಸ್ತುಗಳು ಕೈಪಿಡಿಯಲ್ಲಿ ಹುಟ್ಟಿಕೊಳ್ಳುತ್ತವೆ. ಪ್ರತಿಯೊಂದು ಕಡೆ ನಿಂತು, ಇಲ್ಲಿ ಬರೆದವರು ಯಾವುದನ್ನು ಹೇಳಿದ್ದಾರೆ, ಮನೆಯನ್ನೋ ಕಿಟಕಿಯನ್ನೋ ಎಂದು ಓದಿ ನಿರ್ಧರಿಸಬೇಕು. ಪದ ಬದಲಾವಣೆ ಎಂದರೆ ಒಂದು ಗುಂಡಿ ಒತ್ತುವ ಕೆಲಸ ಎಂದುಕೊಂಡ ಮ್ಯಾನೇಜರುಗಳಿಗೆ ನಾನು ಹೇಳುವುದು ಇಷ್ಟೇ: ನಾನೂರು ಪುಟ ಎಂದರೆ ನಾನೂರು ಪುಟ ಓದುವ ಕೆಲಸ.

ಇನ್ನೊಂದು ತಮಾಷೆ ಕೆಳಗಿನ ಪದರದಲ್ಲಿದೆ. ಪ್ರೋಗ್ರಾಮು ಬರೆಯುವವರು ಅದೇ ಉಗ್ರಾಣವನ್ನು ಕರೆಯುವಾಗ ಈಗಲೂ ‘ಮೈಕ್ರೋಸಾಫ್ಟ್ ಡಾಟ್ ಆಪರೇಷನಲ್‌ಇನ್‌ಸೈಟ್ಸ್’ ಎಂದೇ ಬರೆಯಬೇಕು. ಬೋರ್ಡಿನಿಂದ ಆ ಹೆಸರು ಅಳಿದು ಹತ್ತು ವರ್ಷ ಕಳೆದರೂ ಅಡಿಪಾಯದ ಕಲ್ಲಿನಲ್ಲಿ ಅದೇ ಇದೆ. ಮೈಕ್ರೋಸಾಫ್ಟಿನದೇ ಲಾಗಿನ್ ವ್ಯವಸ್ಥೆಯಾದ ಅಜೂರ್ ಆ್ಯಕ್ಟಿವ್ ಡೈರೆಕ್ಟರಿ 2023ರಲ್ಲಿ ಎಂಟ್ರಾ ಐಡಿ ಆಯಿತು. ಆದರೆ ಯಾರು ಲಾಗಿನ್ ಆದರೆಂದು ಬರೆದಿಡುವ ಅದರ ಕೆಲವು ಕೋಷ್ಟಕಗಳ ಹೆಸರು ಇನ್ನೂ ‘ಎಎಡಿ’ ಎಂದೇ ಶುರುವಾಗುತ್ತದೆ. ಅಮೆಜಾನಿನಲ್ಲೂ ಇದೇ ಹಾಡು. ಎಲಾಸ್ಟಿಕ್‌ಸರ್ಚ್ ಎಂಬ ಹುಡುಕು ಸಾಫ್ಟ್‌ವೇರಿನ ಯಜಮಾನರು 2021ರಲ್ಲಿ ಲೈಸೆನ್ಸ್ ಬದಲಾಯಿಸಿದಾಗ ಅಮೆಜಾನಿನವರು ಹಳೆಯ ಮುಕ್ತ ಆವೃತ್ತಿಯಿಂದ ಕವಲೊಡೆದು ಓಪನ್‌ಸರ್ಚ್ ಮಾಡಿಕೊಂಡರು, ಅದೇ ವರ್ಷ ತಮ್ಮ ಸೇವೆಯ ಹೆಸರನ್ನೂ ಬದಲಿಸಿದರು. ಅಣ್ಣತಮ್ಮಂದಿರು ಪಾಲಾದಾಗ ಹೋಟೆಲಿನ ಬೋರ್ಡು ಬದಲಾಗುತ್ತದಲ್ಲ, ಹಾಗೆ. ಅದರ ವಿಳಾಸದಲ್ಲಿ ಮಾತ್ರ ಎಲಾಸ್ಟಿಕ್‌ಸರ್ಚಿನ ಎರಡು ಅಕ್ಷರ ‘ಇಎಸ್’ ಹಾಗೇ ಉಳಿದಿದೆ. ಗೂಗಲ್ 2014ರಲ್ಲಿ ಕೊಂಡ ಸ್ಟ್ಯಾಕ್‌ಡ್ರೈವರ್ 2020ರಲ್ಲಿ ಆಪರೇಷನ್ಸ್ ಸೂಟ್ ಆಗಿ, ಆಮೇಲೆ ಅಬ್ಸರ್ವಬಿಲಿಟಿಯೂ ಆಯಿತು. ನನಗೆ ಗೊತ್ತಿರುವ ಎಂಜಿನಿಯರುಗಳೆಲ್ಲ ಇನ್ನೂ ಸ್ಟ್ಯಾಕ್‌ಡ್ರೈವರ್ ಎಂದೇ ಅನ್ನುತ್ತಾರೆ, ನಾವು ಮೆಜೆಸ್ಟಿಕ್ ಅಂದ ಹಾಗೆ. ಆ ಹೆಸರಿನ ಚಿತ್ರಮಂದಿರ ಯಾವತ್ತೋ ಹೋಯಿತು, ಬಸ್ಸು ಹತ್ತುವವರು ಇವತ್ತೂ ಮೆಜೆಸ್ಟಿಕ್ಕಿಗೇ ಟಿಕೆಟ್ ಕೇಳುತ್ತಾರೆ.

ಮಾಸ್ಟ್ರು ಇಷ್ಟನ್ನೂ ಕೇಳಿಸಿಕೊಂಡು ನಕ್ಕರು.

“ಇದರಲ್ಲೇನು ವಿಶೇಷ? ಬೆಂಗಳೂರು ಸಿಟಿ ಸ್ಟೇಷನ್ನು ಸಂಗೊಳ್ಳಿ ರಾಯಣ್ಣ ಆಯ್ತು. ಕೋಡೇನು ಹೇಳು?”

“ಎಸ್‌ಬಿಸಿ.”

“ಹಳೇದೇ ತಾನೆ? 2014ರ ರಾಜ್ಯೋತ್ಸವಕ್ಕೆ ಹುಬ್ಳಿ ಹುಬ್ಬಳ್ಳಿ ಆಯ್ತು, ಆಮೇಲೆ ಸಿದ್ಧಾರೂಢರ ಹೆಸರೂ ಬಂತು. ಕೋಡು?”

“ಯುಬಿಎಲ್.”

“ನಮ್ಮೂರಿಂದ ಬೆಂಗಳೂರಿಗೆ ಹೋಗೋ ಟಿಪ್ಪು ಎಕ್ಸ್‌ಪ್ರೆಸ್ಸು 2022ರಲ್ಲಿ ಒಡೆಯರ್ ಎಕ್ಸ್‌ಪ್ರೆಸ್ ಆಯ್ತು. ಅದರ ಗಲಾಟೆ ನಂಗೆ ಬೇಡ, ಬೀದೀಲಿ ಎರಡೂ ಕಡೆಯವರಿದ್ದಾರೆ. ಗಾಡಿ ನಂಬರು ಮಾತ್ರ 12613, 12614. ಅದೇ ಹಳಿ, ಅದೇ ನಂಬರು. ಗಾರ್ಡ್ ಅಂತಿದ್ದವರನ್ನ ಅದೇ ವರ್ಷ ಟ್ರೈನ್ ಮ್ಯಾನೇಜರ್ ಅಂತ ಮಾಡಿದ್ರು. ಕೈಲಿ ಅದೇ ಹಸಿರು ಬಾವುಟ, ಕೂರೋದು ಅದೇ ಕೊನೇ ಡಬ್ಬಿ.”

ಅವರ ಮಾತಿನಲ್ಲಿ ಹೆಸರು ಬದಲಿಸಿದವರ ಮೇಲೆ ಸಿಟ್ಟಿರಲಿಲ್ಲ. ಗಾರ್ಡ್ ಎಂದರೆ ಬ್ಯಾಂಕಿನ ಬಾಗಿಲಲ್ಲಿ ಕೋವಿ ಹಿಡಿದು ನಿಂತವನೋ ಎಂದು ಹೆಣ್ಣು ಕೊಡುವವರು ಕೇಳುತ್ತಿದ್ದರಂತೆ, ಹೊಸ ಹೆಸರು ಬಂದದ್ದು ಒಳ್ಳೆಯದೇ ಆಯಿತು ಎಂದರು. ಬೋರ್ಡು ಬರೆಸುವವನಿಗೆ ನೂರು ಕಾರಣ ಇರುತ್ತದೆ, ಆದರೆ ಕೋಡು ಮುಟ್ಟಬಾರದು ಎನ್ನುವುದು ಅವರ ವಾದ. ಮುಟ್ಟಿದರೆ ರಿಸರ್ವೇಷನ್ನು, ಪಾರ್ಸೆಲ್ಲು, ಟೈಮ್‌ಟೇಬಲ್ಲು, ಎಲ್ಲವೂ ಒಂದೇ ರಾತ್ರಿಯಲ್ಲಿ ಹಳಿ ತಪ್ಪುತ್ತವೆ. ಕ್ಲೌಡಿನವರು ಆಪರೇಷನಲ್ ಇನ್‌ಸೈಟ್ಸನ್ನು ಬುಡದಲ್ಲಿ ಹಾಗೇ ಬಿಟ್ಟಿರುವುದಕ್ಕೂ ಕಾರಣ ಇದೇ. ಆ ಹೆಸರನ್ನು ನಂಬಿಕೊಂಡು ಲೋಕದಾದ್ಯಂತ ಎಷ್ಟು ಪ್ರೋಗ್ರಾಮುಗಳು ಓಡುತ್ತಿವೆಯೋ ಲೆಕ್ಕವಿಟ್ಟವರಿಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ಮಾಸ್ಟರಿಗೆ ಹೇಳಿದ್ದೇನೆ, ನಿಮಗೂ ಹೇಳುತ್ತೇನೆ. ಕಂಪನಿಯ ಹೆಸರು ಬೇಡ.

ಆಗ ನಾನು ಈ ಕೆಲಸಕ್ಕೆ ಹೊಸಬಳು. ಕಂಪ್ಯೂಟರಿನಲ್ಲಿ ಕೂತು ಲಾಗ್‌ಗಳನ್ನು ಎತ್ತಿ ಕ್ಲೌಡಿಗೆ ಕಳಿಸುವ ಸಣ್ಣ ಪ್ರೋಗ್ರಾಮಿಗೆ ನಮ್ಮಲ್ಲಿ ‘ಏಜೆಂಟ್’ ಎನ್ನುತ್ತಿದ್ದರು. ಒಂದು ಶುಕ್ರವಾರ ಮಧ್ಯಾಹ್ನ, ಇನ್ನು ಮೇಲೆ ಅದು ‘ಕಲೆಕ್ಟರ್’ ಎಂದು ಮೇಲ್ ಬಂತು. ಸೋಮವಾರದೊಳಗೆ ಎಲ್ಲ ಪುಟ ತಿದ್ದಿರಬೇಕು. ಶನಿವಾರ ನಂಜನಗೂಡಿನಲ್ಲಿ ತಂಗಿ ಮಗನ ನಾಮಕರಣ. ಆ ಮಗುವಿಗೆ ಹೆಸರಿಡುವ ಅವಸರದಲ್ಲಿ ಈ ಮಗುವಿಗೆ ಹೆಸರಿಟ್ಟದ್ದು ಹೀಗೆ: ಹುಡುಕು ಏಜೆಂಟ್, ಬದಲಿಸು ಕಲೆಕ್ಟರ್, ಎಲ್ಲ ಕಡೆ. ಒಂದು ಗುಂಡಿ. ಹತ್ತು ಸೆಕೆಂಡು. ಹೋಳಿಗೆ ಊಟಕ್ಕೆ ಸಮಯಕ್ಕೆ ಸರಿಯಾಗಿ ತಲುಪಿದೆ.

ವೆಬ್‌ಸೈಟಿಗೆ ಬಂದವರು ಯಾವ ಬ್ರೌಸರಿನಿಂದ ಬಂದರು ಎಂದು ಪ್ರತಿ ಲಾಗ್ ಸಾಲಿನಲ್ಲೂ ಒಂದು ಕಾಲಂ ಇರುತ್ತದೆ. ಅದರ ಹೆಸರು ಯೂಸರ್ ಏಜೆಂಟ್. ಅದಕ್ಕೂ ನಮ್ಮ ಏಜೆಂಟಿಗೂ ಸಂಬಂಧವಿಲ್ಲ, ಒಂದೇ ಹೆಸರಿನ ಇಬ್ಬರು ರಾಮಣ್ಣರಿದ್ದ ಹಾಗೆ. ನನ್ನ ಗುಂಡಿಗೆ ಅದು ತಿಳಿಯಬೇಕಲ್ಲ? ಕೈಪಿಡಿಯ ಮಾದರಿ ಪ್ರಶ್ನೆಗಳಲ್ಲೆಲ್ಲ ಯೂಸರ್ ಏಜೆಂಟ್ ಹೋಗಿ ಯೂಸರ್ ಕಲೆಕ್ಟರ್ ಆಯಿತು. ಒಬ್ಬ ಗ್ರಾಹಕರು, ತಮ್ಮ ಸೈಟಿಗೆ ಕಳ್ಳ ಪ್ರೋಗ್ರಾಮುಗಳು ನುಗ್ಗಿದರೆ ಎಚ್ಚರಿಸಲಿ ಎಂದು ಅಂಥ ಒಂದು ಮಾದರಿಯನ್ನು ನಮ್ಮ ಪುಟದಿಂದ ಎತ್ತಿ ಹಾಗೆಯೇ ಅಲಾರಮ್ಮಿಗೆ ಹಾಕಿಕೊಂಡರು. ಆ ಪ್ರಶ್ನೆ ಓಡಿತು. ತಪ್ಪು ಎಂದು ಕೂಗಲಿಲ್ಲ. ಇಲ್ಲದ ಕಾಲಮಿನಲ್ಲಿ ಹುಡುಕಿ ‘ಸೊನ್ನೆ ಸಾಲು ಸಿಕ್ಕಿತು’ ಎಂದಿತು. ಐದು ನಿಮಿಷಕ್ಕೊಮ್ಮೆ ಸೊನ್ನೆ. ಹನ್ನೊಂದು ದಿನ ಸೊನ್ನೆ. ಸೊನ್ನೆ ಎಂದರೆ ಕಳ್ಳರಿಲ್ಲ, ಸುಖವಾಗಿ ಮಲಗಿ ಎಂದು ಅರ್ಥ ಮಾಡಿಕೊಂಡು ಅವರು ಮಲಗಿದರು. ಹನ್ನೆರಡನೇ ದಿನ ಅವರಿಗೂ ಗೊತ್ತಾಯಿತು, ನಮಗೂ ಗೊತ್ತಾಯಿತು, ನನ್ನ ಮ್ಯಾನೇಜರಿಗಂತೂ ಚೆನ್ನಾಗಿ ಗೊತ್ತಾಯಿತು.

ಕೂಗುವ ತಪ್ಪಿಗಿಂತ ಸೊನ್ನೆ ತೋರಿಸಿ ಸುಮ್ಮನಿರುವ ತಪ್ಪು ಕೆಟ್ಟದ್ದು. ಲಾಗ್ ಕಾಯುವ ಕೆಲಸದಲ್ಲಿ ಇದನ್ನು ಬಲ್ಲವರು, ಅಲಾರಂ ಬರೆದ ಕೂಡಲೇ ಬೇಕೆಂದೇ ಒಂದು ತಪ್ಪು ಮಾಡಿ ಅದು ಹೊಡೆದುಕೊಳ್ಳುತ್ತದೋ ಎಂದು ನೋಡುತ್ತಾರೆ. ನಾನು ಅಂದಿನಿಂದ ಮಾದರಿ ಪ್ರಶ್ನೆಗಳನ್ನು ಓಡಿಸಿ ನೋಡದೆ ಪುಟಕ್ಕೆ ಹಾಕುವುದಿಲ್ಲ. ನಾಮಕರಣಗಳಿಗೂ ಸ್ವಲ್ಪ ತಡವಾಗಿಯೇ ಹೋಗುತ್ತೇನೆ.

“ಹೆಸರು ಬದಲಾಯಿಸೋದೇ ತಪ್ಪು ಅಂತೀಯಾ ಹಾಗಾದ್ರೆ?” ಎಂದರು ಮಾಸ್ಟ್ರು.

ಹಾಗೆನ್ನಲಾರೆ. ಒಂದು ಕಾಲದಲ್ಲಿ ಕಂಪ್ಯೂಟರಿನ ಪುಸ್ತಕಗಳಲ್ಲಿ ದೊಡ್ಡ ಯಂತ್ರಕ್ಕೆ ಮಾಸ್ಟರ್, ಅದು ಹೇಳಿದಂತೆ ಕೇಳುವುದಕ್ಕೆ ಸ್ಲೇವ್ ಎಂದೇ ಬರೆಯುತ್ತಿದ್ದೆವು. ಯಜಮಾನ, ಗುಲಾಮ. ಒಳಗೆ ಬಿಡಬೇಕಾದವರದು ಬಿಳಿ ಪಟ್ಟಿ, ಬಿಡಬಾರದವರದು ಕಪ್ಪು ಪಟ್ಟಿ. 2020ರಲ್ಲಿ ಅಮೆರಿಕದಲ್ಲಿ ವರ್ಣಭೇದದ ವಿರುದ್ಧ ಜನ ಬೀದಿಗಿಳಿದ ಮೇಲೆ ಈ ಪದಗಳನ್ನು ಒಂದೊಂದಾಗಿ ತೆಗೆದರು. ಪ್ರೋಗ್ರಾಮುಗಳನ್ನು ಇಡುವ ತಾಣವಾದ ಗಿಟ್‌ಹಬ್ ಆ ವರ್ಷದ ಅಕ್ಟೋಬರಿನಿಂದ ಹೊಸ ಪ್ರಾಜೆಕ್ಟುಗಳಲ್ಲಿ ‘ಮಾಸ್ಟರ್’ ಬದಲು ‘ಮೇನ್’ ಎಂದಿತು. ಕಪ್ಪು ಬಿಳಿ ಪಟ್ಟಿಗಳು ತಡೆವ ಪಟ್ಟಿ, ಬಿಡುವ ಪಟ್ಟಿಗಳಾದವು. ಇದರಿಂದ ಲೋಕ ಉದ್ಧಾರವಾಯಿತೆಂದು ನಾನು ಹೇಳುವುದಿಲ್ಲ. ಆದರೆ ಅಂಗವಿಕಲ ಎಂಬುದನ್ನು ಬಿಟ್ಟು ವಿಕಲಚೇತನ, ವಿಶೇಷಚೇತನ ಎನ್ನಲು ನಾವು ಕಲಿತಾಗ ನಮಗೇನೂ ನಷ್ಟವಾಗಲಿಲ್ಲ. ಜೊತೆಗೆ, ಬಿಡುವ ಪಟ್ಟಿ ತಡೆವ ಪಟ್ಟಿ ಎಂದರೆ ಹೊಸಬರಿಗೂ ಓದಿದ ಕೂಡಲೇ ಅರ್ಥವಾಗುತ್ತದೆ. ಬರೆಯುವವಳಿಗೆ ಅಷ್ಟೇ ಸಾಕು. ಅಂಥ ಬದಲಾವಣೆಗೆ ರಾತ್ರಿ ಒಂದು ಗಂಟೆಯವರೆಗೆ ಕೂತರೂ ನನಗೆ ಬೇಸರವಿಲ್ಲ.

ಬೇಸರ ಬರುವುದು ಹೊಸ ದೊರೆ ಬಂದನೆಂದು ಹೆಸರು ಬದಲಾದಾಗ. ಮೇಲೊಬ್ಬರು ಹೊಸಬರು ಬರುತ್ತಾರೆ, ಇಟ್ಟ ಹೆಸರು ಹಳೆಯವರದ್ದು ಎನ್ನಿಸುತ್ತದೆ, ಮೂರು ತಿಂಗಳಲ್ಲಿ ಹೊಸ ಹೆಸರು. ಅವರು ಹೋಗುತ್ತಾರೆ, ಇನ್ನೊಬ್ಬರು, ಇನ್ನೊಂದು. ಇದರಲ್ಲಿ ಅತ್ಯಂತ ಕಷ್ಟದ್ದು ಇನ್ನೊಂದು ಆಜ್ಞೆ: ಹಳೆಯ ಹೆಸರು ಯಾವ ಪುಟದಲ್ಲೂ ಕಾಣಿಸಕೂಡದು. ಯಾಕೆಂದರೆ ಗ್ರಾಹಕರು ಗೊಂದಲಕ್ಕೆ ಬೀಳುತ್ತಾರಂತೆ.

ಗ್ರಾಹಕ ಯಾರು? ರಾತ್ರಿ ಎರಡು ಗಂಟೆಗೆ ಫೋನು ಹೊಡೆದುಕೊಂಡು ಎದ್ದ ಒಬ್ಬ ಹುಡುಗ. ಎಲ್ಲೋ ಒಂದು ಸರ್ವರ್ ಬಿದ್ದಿದೆ. ಐದು ವರ್ಷದ ಹಿಂದೆ ಯಾರೋ ಬರೆದಿಟ್ಟ ಸ್ಕ್ರಿಪ್ಟ್ ತೆರೆಯುತ್ತಾನೆ. ಅದರಲ್ಲಿ ‘ಓಎಂಎಸ್ ಏಜೆಂಟ್’ ಎಂದಿದೆ. ಓಎಂಎಸ್ ಎಂದರೆ ನಾನು ಮೇಲೆ ಹೇಳಿದ ಅದೇ ಕೂಡುಕುಟುಂಬ, 2018ರಲ್ಲೇ ಹೆಸರು ಕಳೆದುಕೊಂಡದ್ದು. ಅದರ ಹೆಸರು ಹೊತ್ತ ಏಜೆಂಟ್ ಮಾತ್ರ ಅದಾದ ಮೇಲೂ ವರ್ಷಗಟ್ಟಲೆ ದುಡಿದು 2024ರ ಆಗಸ್ಟ್ 31ಕ್ಕೆ ನಿವೃತ್ತಿಯಾಯಿತು. ಅದರ ಜಾಗಕ್ಕೆ ಬಂದದ್ದು ಅಜೂರ್ ಮಾನಿಟರ್ ಏಜೆಂಟ್. ಹುಡುಗನಿಗೆ ಇದು ಯಾವುದೂ ಗೊತ್ತಿಲ್ಲ, ಅವನು ಕೆಲಸಕ್ಕೆ ಸೇರಿದ್ದು ಕಳೆದ ಜುಲೈನಲ್ಲಿ. ಅವನು ಹುಡುಕುವುದು ಅವನ ಕಣ್ಣೆದುರು ಇರುವ ಹೆಸರನ್ನು, ಅಂದರೆ ಹಳೆಯ ಹೆಸರನ್ನು. ‘ಹಿಂದೆ ಇದನ್ನು ಹೀಗೆ ಕರೆಯುತ್ತಿದ್ದರು, ಈಗ ಇದನ್ನು ಬಳಸಿ’ ಎಂಬ ಒಂದು ಸಾಲು ಸಿಕ್ಕರೆ ಎರಡೂವರೆಗೆ ಮಲಗುತ್ತಾನೆ. ಸಿಗದಿದ್ದರೆ ಬೆಳಗಾಗುತ್ತದೆ.

ಮಾಸ್ಟ್ರು ಲೋಟ ತೆಗೆದುಕೊಂಡು ಹೊರಟವರು ನಿಂತರು. “ರಿಜಿಸ್ಟರಲ್ಲಿ ತಪ್ಪು ಬರೆದ್ರೆ ನಾವು ಏನ್ ಮಾಡ್ತಿದ್ವಿ ಗೊತ್ತಾ?” ಎಂದು ಕೇಳಿ, ನನ್ನ ಉತ್ತರಕ್ಕೆ ಕಾಯದೆ ಗೋಡೆಯ ಮೇಲಿನ ಧೂಳಿನಲ್ಲಿ ಬೆರಳಿಂದ ಬರೆದು ತೋರಿಸಿದರು. 10-42 ಎಂದು ಬರೆದರು. ಅದರ ಮೇಲೆ ತೆಳ್ಳಗೆ ಒಂದು ಅಡ್ಡಗೆರೆ ಎಳೆದರು. ಗೆರೆಯ ಮೇಲ್ಗಡೆ 10-24 ಎಂದು ಬರೆದರು. ಪಕ್ಕದಲ್ಲಿ ತಮ್ಮ ಚಿಕ್ಕ ಸಹಿ.

“ರಬ್ಬರಲ್ಲಿ ಅಳಿಸೋ ಹಾಗಿಲ್ಲ, ಅದರ ಮೇಲೇ ತಿದ್ದಿ ಬರೆಯೋ ಹಾಗಿಲ್ಲ. ಹಳೇದು ಓದೋಕೆ ಬರಬೇಕು, ಹೊಸದೂ ಓದೋಕೆ ಬರಬೇಕು, ಯಾರು ಬದಲಾಯಿಸಿದ್ದು ಅಂತಾನೂ ತಿಳೀಬೇಕು. ನಾಳೆ ಏನಾದರೂ ಆಗಿ ಎನ್‌ಕ್ವೈರಿ ಬಂದ್ರೆ ಮೊದಲು ಎತ್ಕೊಳ್ಳೋದು ಆ ರಿಜಿಸ್ಟರೇ. ಅಳಿಸಿದ ಗುರುತು ಕಂಡರೆ ಕಥೆ ಮುಗೀತು.”

ನಾನು ಆ ಧೂಳಿನ ಬರಹವನ್ನು ಫೋನಿನಲ್ಲಿ ಫೋಟೋ ತೆಗೆದುಕೊಂಡೆ. ಅವರಿಗೆ ಸಂಕೋಚವಾಯಿತು. “ಗೋಡೆ ಒರೆಸಿ ಎಷ್ಟು ದಿನ ಆಯ್ತೋ, ಅದನ್ನೇನು ಫೋಟೋ ತೆಗೀತೀಯ” ಎಂದರು.

ಆ ಮಧ್ಯಾಹ್ನದ ಮೀಟಿಂಗಿನಲ್ಲಿ ಫೋಟೋ ತೋರಿಸಿದೆ. ಬೆಂಗಳೂರಿನಿಂದ ಮೂವರು, ಬೇರೆ ದೇಶದಿಂದ ನಾಲ್ವರು ಪರದೆಯಲ್ಲಿದ್ದರು. ಇದು ಭಾರತೀಯ ರೈಲ್ವೆಯ ನಿಯಮ, ಗಾಡಿಗೆ ಗಾಡಿ ಗುದ್ದದಿರಲೆಂದು ಮಾಡಿದ್ದು, ನಮ್ಮ ಪುಟಗಳಿಗೂ ಇದನ್ನೇ ಮಾಡೋಣ ಎಂದೆ. ಪ್ರತಿ ಹೊಸ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಹಿಂದಿನ ಹೆಸರು, ಬದಲಾದ ತಿಂಗಳು, ವರ್ಷ. ಹಳೆಯ ಹೆಸರಿನಲ್ಲಿ ಹುಡುಕಿದವರೂ ಅದೇ ಪುಟಕ್ಕೆ ಬಂದು ಬೀಳಬೇಕು. ಆಜ್ಞೆಗಳಲ್ಲಿ, ಕೋಷ್ಟಕಗಳಲ್ಲಿ ಹಳೆಯ ಹೆಸರೇ ಉಳಿದಿದ್ದರೆ ಅದು ತಪ್ಪಲ್ಲ, ಹಾಗೆಯೇ ಇರುತ್ತದೆ ಎಂದು ಒಂದು ಸಾಲು. ಮಾರ್ಕೆಟಿಂಗಿನವರು ಮುಖ ಸಿಂಡರಿಸಿದರು. ಸಣ್ಣ ಅಕ್ಷರ ಎಂದರೆ ಎಷ್ಟು ಸಣ್ಣದು ಎಂದು ಕೇಳಿದರು. ಕಡೆಗೆ, ಎರಡು ವರ್ಷ ಮಾತ್ರ ಇರಲಿ, ಆಮೇಲೆ ತೆಗೆಯೋಣ ಎಂದು ಒಪ್ಪಿದರು.

ಎರಡು ವರ್ಷ ಸಾಲದು. ಇದನ್ನು ಅವರಿಗೆ ಹೇಳಿದ್ದೇನೆ, ಮುಂದಿನ ಮೀಟಿಂಗಿನಲ್ಲೂ ಹೇಳುತ್ತೇನೆ. ಸಂಜೆ ಮಾಸ್ಟರಿಗೆ ವರದಿ ಒಪ್ಪಿಸಿದಾಗ ಅವರು ಎರಡು ವರ್ಷದ ಮಾತಿಗೆ ಏನೂ ಹೇಳಲಿಲ್ಲ. ಹುಬ್ಬಳ್ಳಿಯಲ್ಲಿರುವ ಮಗಳ ಮನೆಗೆ ಹೋಗಲು ಅಳಿಯ ಮೊಬೈಲಿಗೆ ಕಳಿಸಿದ್ದ ಟಿಕೆಟನ್ನು ಗೋಡೆಯ ಮೇಲಿಂದ ಚಾಚಿ ತೋರಿಸಿದರು. ಊರಿನ ಹೊಸ ಹೆಸರು, ಸ್ವಾಮಿಗಳ ಹೆಸರು ಎರಡೂ ಇದ್ದವು. ಪಕ್ಕದ ಕಂಸದಲ್ಲಿ ಯುಬಿಎಲ್.